ಕಾರ್ನ್‌ವಾಲ್‌ನ ಚರ್ಚಿನ ಪುಸ್ತಕ, ಕೋಲಾರದ ಗಣಿ, ನಡುವೆ ಒಬ್ಬ ನಕಲುಗಾರ

ಸುಗ್ಗಿ ಮುಗಿದ ಮೇಲೆ ನಮ್ಮ ಅಜ್ಜಿಯ ಊರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಗಂಟೆ ಅಲ್ಲಾಡಿಸುತ್ತಾ ಬಂದು ಜಗಲಿ ಮುಂದೆ ನಿಲ್ಲುವರು. ಮನೆತನದ ಹೆಸರು ಹಿಡಿದರೆ ಸಾಕು. ಮೂಲ ಊರು ಯಾವುದು, ಅಲ್ಲಿಂದ ಯಾರು ಎದ್ದು ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತಿತ್ತು. ಕೊನೆಗೆ ಆ ವರ್ಷ ಹುಟ್ಟಿದ ಕೂಸಿನ ಹೆಸರು ಕೇಳಿ ಪುಸ್ತಕಕ್ಕೆ ಸೇರಿಸಿಕೊಳ್ಳುವರು. ಅಜ್ಜಿ ಮೊರದ ತುಂಬ ಜೋಳ ತಂದು ಕೊಡುತ್ತಿದ್ದಳು.

ಇಂಗ್ಲೆಂಡಿನಲ್ಲಿ ಹೆಳವರಿಲ್ಲ. ಅಲ್ಲಿ ಊರೂರಿನ ಚರ್ಚಿನ ಪುಸ್ತಕ ಇದೆ. ಆ ಪುಸ್ತಕಗಳಲ್ಲಿ ಇರುವ ಕೋಟಿಗಟ್ಟಲೆ ಹೆಸರುಗಳನ್ನು ಇವತ್ತು ಯಾರು ಬೇಕಾದರೂ ಮನೆಯಲ್ಲಿ ಕೂತು ಪುಕ್ಕಟೆ ಹುಡುಕಬಹುದು. ಇದಕ್ಕೆ ಕಾರಣ ಸರ್ಕಾರವೂ ಅಲ್ಲ, ದೊಡ್ಡ ಕಂಪನಿಯೂ ಅಲ್ಲ. ಸಂಬಳ ಇಲ್ಲದೆ, ದಿನಾ ಸಂಜೆ ಒಂದೊಂದು ಪುಟ ಓದಿ ಟೈಪ್ ಮಾಡಿದ ಜನ. ಈ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಕಷ್ಟ ಎಲ್ಲಿದೆ, ಅದರ ಎಳೆ ನಮ್ಮ ಕೋಲಾರದವರೆಗೆ ಹೇಗೆ ಬಂತು ಅನ್ನುವುದನ್ನು ಹೇಳುತ್ತೇನೆ.

ಮೊದಲು ಪುಸ್ತಕದ ಕಥೆ. 1538ರಲ್ಲಿ, ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್‌ನ ಪಾದ್ರಿ ಒಂದು ಪುಸ್ತಕ ಇಡಬೇಕು. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಊರು, ಅದರ ಅಕ್ಕಪಕ್ಕದ ಹಟ್ಟಿಗಳು. ವಾರದಲ್ಲಿ ಆದ ದೀಕ್ಷಾಸ್ನಾನ (ಮಗುವಿಗೆ ನೀರು ಹಾಕಿ ಹೆಸರಿಡುವ ಚರ್ಚಿನ ವಿಧಿ), ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಭಾನುವಾರ ಬರೆಯಬೇಕು. ಪುಸ್ತಕ ಇಡುವ ಪೆಟ್ಟಿಗೆಗೆ ಎರಡು ಬೀಗ. ಒಂದು ಕೀಲಿ ಪಾದ್ರಿ ಹತ್ತಿರ, ಇನ್ನೊಂದು ಊರಿನ ಚರ್ಚ್ ಹಿರಿಯರ ಹತ್ತಿರ.

ಆಗ ಬರೆದದ್ದು ಜಾಸ್ತಿ ಕಾಗದದ ಮೇಲೆ. ಕಾಗದ ಹಾಳಾಗುತ್ತಿತ್ತು. ಅದಕ್ಕೆ 1598ರಲ್ಲಿ ಹೊಸ ಆಜ್ಞೆ ಬಂತು. ಹಳೆಯದನ್ನೆಲ್ಲ ಚರ್ಮದ ಹಾಳೆಯ ಮೇಲೆ ನಕಲು ಮಾಡಿ, ಮೊದಲಿನಿಂದ ಆಗದಿದ್ದರೆ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ 1558ರಿಂದಾದರೂ ಮಾಡಿ ಎಂದರು. ಎಷ್ಟೋ ಊರಿನವರು 1558ರಿಂದಲೇ ಶುರು ಮಾಡಿದರು. ಹಾಗಾಗಿ ಎಷ್ಟೋ ಪ್ಯಾರಿಷ್‌ಗಳ ದಾಖಲೆ ಇವತ್ತಿಗೂ ಆ ವರ್ಷದಿಂದಲೇ ಸಿಗುವುದು. ಅದಕ್ಕಿಂತ ಹಿಂದಿನ ಇಪ್ಪತ್ತು ವರ್ಷದ ಹೆಸರುಗಳು ಹೋದವು. ವರ್ಷಕ್ಕೊಮ್ಮೆ ಒಂದು ಪ್ರತಿಯನ್ನು ಬಿಷಪ್‌ಗೂ ಕಳಿಸಬೇಕಿತ್ತು. ಊರಿನ ಪುಸ್ತಕ ಇಲಿ ತಿಂದೋ ಬೆಂಕಿಗೆ ಸಿಕ್ಕೋ ಹಾಳಾಗಿದ್ದರೆ ಬಿಷಪ್ ಹತ್ತಿರದ ಈ ಪ್ರತಿಯೇ ಆಧಾರ.

ನೋಡಿ, ನಾವು ಮೂಲ ಅಂದುಕೊಳ್ಳುವ ಪುಸ್ತಕವೂ ಎಷ್ಟೋ ಸಲ ನಕಲೇ. ಯಾರೋ ಕೂತು, ಹಳೆ ಅಕ್ಷರ ಓದಿ, ಹೊಸದಾಗಿ ಬರೆದದ್ದು. ಇವತ್ತಿನ ಸ್ವಯಂಸೇವಕರು ಆ ಸಾಲಿನಲ್ಲಿ ಬಂದವರೇ.

1754ರಿಂದ ಮದುವೆಗೆ, 1813ರಿಂದ ದೀಕ್ಷಾಸ್ನಾನಕ್ಕೂ ಸಮಾಧಿಗೂ ಅಚ್ಚಾದ ನಮೂನೆ ಬಂತು. 1813ರ ನಂತರದ ದೀಕ್ಷಾಸ್ನಾನದ ಪುಟದಲ್ಲಿ ಎಂಟು ಮನೆ ಇರುತ್ತವೆ. ಒಂದೊಂದು ಮನೆಯಲ್ಲೂ ತಾರೀಖು, ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ವಾಸದ ಜಾಗ, ಅಪ್ಪನ ಕಸುಬು, ಪಾದ್ರಿಯ ಸಹಿ. ಆಮೇಲೆ 1837ರ ಜುಲೈ 1ರಿಂದ ಸರ್ಕಾರವೇ ಹುಟ್ಟು, ಮದುವೆ, ಸಾವು ದಾಖಲಿಸಲು ಶುರು ಮಾಡಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಕಾರ್ನ್‌ವಾಲ್. ಇಂಗ್ಲೆಂಡಿನ ನೈರುತ್ಯದ ತುದಿ, ಮೂರು ಕಡೆ ಸಮುದ್ರ. ತವರ, ತಾಮ್ರದ ಗಣಿಗಳ ನಾಡು. 1860ರ ದಶಕದಲ್ಲಿ ತಾಮ್ರದ ಬೆಲೆ ಬಿದ್ದು ಗಣಿಗಳು ಮುಚ್ಚಿದವು. ಗಣಿ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲದ ಜನ ಊರು ಬಿಟ್ಟರು. ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾ, ಮೆಕ್ಸಿಕೊ, ಎಲ್ಲಿ ನೆಲ ಅಗೆಯುವ ಕೆಲಸ ಇತ್ತೋ ಅಲ್ಲಿಗೆ ಹೋದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ಪ್ರಪಂಚದ ತುಂಬ ಇದ್ದಾರೆ. ಅವರ ಹಿರಿಯರ ಹೆಸರಿರುವ ಪುಸ್ತಕ ಮಾತ್ರ ಕಾರ್ನ್‌ವಾಲ್‌ನ ದಾಖಲೆ ಕೋಣೆಯಲ್ಲಿ. ಈಗ ಅದು ರೆಡ್ರುತ್ ಊರಿನ ಹಳೇ ಮದ್ಯದ ಕಾರ್ಖಾನೆಯೊಳಗೆ ಕಟ್ಟಿದ ಕ್ರೆಸೆನ್ ಕರ್ನೋ ಎಂಬ ಕಟ್ಟಡದಲ್ಲಿದೆ. 2019ರಲ್ಲಿ ತೆರೆದದ್ದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಇರುವವರು ಒಂದು ಸಾಲು ನೋಡಲು ಅಲ್ಲಿಗೆ ವಿಮಾನ ಹತ್ತಲು ಆಗುತ್ತದಾ?

2000ದ ಸುಮಾರಿಗೆ ಅಲ್ಲಿನ ಕೆಲವರಿಗೆ ಒಂದು ಸರಳ ಯೋಚನೆ ಬಂತು. ಒಬ್ಬೊಬ್ಬರು ಒಂದೊಂದು ಪ್ಯಾರಿಷ್ ದತ್ತು ತಗೊಳ್ಳೋಣ. ಆ ಊರಿನ ಪುಸ್ತಕಗಳನ್ನು ಓದಿ ಟೈಪ್ ಮಾಡೋಣ. ಯಾರಾದರೂ ದೂರದಿಂದ ಕೇಳಿದರೆ ಹುಡುಕಿ ಹೇಳೋಣ, ದುಡ್ಡು ತಗೊಳ್ಳುವುದು ಬೇಡ. ಹಿಂದೆ ಪಾದ್ರಿಗೆ ಬರವಣಿಗೆಯಲ್ಲಿ ಸಹಾಯ ಮಾಡುವವನನ್ನು ಪ್ಯಾರಿಷ್ ಕ್ಲಾರ್ಕ್ ಅನ್ನುತ್ತಿದ್ದರು. ಅದಕ್ಕೆ ಈ ಕೆಲಸ ಮಾಡುವವರಿಗೆ ಆನ್‌ಲೈನ್ ಪ್ಯಾರಿಷ್ ಕ್ಲಾರ್ಕ್ ಎಂದೇ ಹೆಸರಾಯಿತು. ಕಾರ್ನ್‌ವಾಲ್‌ನಲ್ಲಿ ಶುರುವಾದದ್ದು ಡೆವನ್, ಡಾರ್ಸೆಟ್, ಲಂಕಾಶೈರ್, ಹೀಗೆ ಬೇರೆ ಜಿಲ್ಲೆಗಳಿಗೂ ಹಬ್ಬಿತು.

ಒಂದು ಊರು, ಒಬ್ಬ ಮನುಷ್ಯ. ಈ ಏರ್ಪಾಡು ನನಗೆ ತುಂಬ ಇಷ್ಟ. ಯಾಕೆ ಅಂದರೆ ಹಳೆಯ ಕೈಬರಹ ಓದುವುದು ಕಣ್ಣಿನ ಕೆಲಸ ಮಾತ್ರ ಅಲ್ಲ, ಊರು ಗೊತ್ತಿರಬೇಕು. ಕಾರ್ನಿಷ್ ಭಾಷೆಯಲ್ಲಿ ಟ್ರೆ ಅಂದರೆ ಹಟ್ಟಿ, ಪೊಲ್ ಅಂದರೆ ಕೊಳ, ಪೆನ್ ಅಂದರೆ ತುದಿ. ಜಾಗದ ಹೆಸರೂ ಮನೆತನದ ಹೆಸರೂ ಈ ಅಕ್ಷರಗಳಿಂದಲೇ ಶುರುವಾಗುತ್ತವೆ. ಸುತ್ತ ಯಾವ ಯಾವ ಹಟ್ಟಿಗಳಿವೆ ಎಂದು ಗೊತ್ತಿದ್ದವರಿಗೆ ಅಳಿಸಿಹೋದ ಹೆಸರೂ ಹೊಳೆಯುತ್ತದೆ. ನಮ್ಮಲ್ಲೂ ಅಷ್ಟೇ ಅಲ್ವಾ? ಹಳೇ ಪತ್ರದಲ್ಲಿ ಇರುವುದು ಕೊಪ್ಪವೋ ಕುಪ್ಪವೋ ಎಂದು ಆ ಹೋಬಳಿಯವರು ಥಟ್ಟನೆ ಹೇಳುತ್ತಾರೆ. ಹೊರಗಿನವರಿಗೆ ಆಗುವುದಿಲ್ಲ.

ಒಂದು ಸಾಲು ಟೈಪ್ ಮಾಡುವುದು ಹೇಗೆ ಎಂದು ಹತ್ತಿರದಿಂದ ನೋಡೋಣ. ಇದು ನಾನು ಉದಾಹರಣೆಗೆ ಕಟ್ಟಿಕೊಂಡ ಸಾಲು, ಆದರೆ ಇಂಥವು ಪುಟಕ್ಕೊಂದು ಸಿಗುತ್ತವೆ.

ತಾರೀಖು 14 ಜನವರಿ 1821. ಮಗುವಿನ ಹೆಸರಿನ ಜಾಗದಲ್ಲಿ ಮೂರೇ ಇಂಗ್ಲಿಷ್ ಅಕ್ಷರ: ಜೆ, ಎ, ಎಸ್. ಇದು ಜೇಮ್ಸ್‌ನ ಗಿಡ್ಡ ರೂಪ. ಅಪ್ಪನ ಹೆಸರು ಡಬ್ಲ್ಯೂ, ಅದರ ಪಕ್ಕ ಮೇಲಕ್ಕೆ ಒಂದು ಸಣ್ಣ ಎಮ್. ಅದು ವಿಲಿಯಂ. ಅಮ್ಮನ ಹೆಸರು ಓದಿದರೆ ಜೆಫ್ಸಿ ಎಂದು ಕಾಣುತ್ತದೆ. ಅಂಥ ಹೆಸರೇ ಇಲ್ಲ. ಆ ಕಾಲದಲ್ಲಿ ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದನ್ನು ಉದ್ದಕ್ಕೆ, ಎಫ್ ಥರ ಬರೆಯುತ್ತಿದ್ದರು. ಆಕೆಯ ಹೆಸರು ಜೆಸ್ಸಿ. ಮನೆತನದ ಹೆಸರು ಟ್ರೆ ಎಂದು ಶುರುವಾಗಿ ಮುಂದಿನ ಎರಡು ಅಕ್ಷರದ ಮೇಲೆ ಶಾಯಿ ಹರಡಿದೆ. ಕಸುಬು: ಟಿನ್ನರ್, ಅಂದರೆ ತವರದ ಗಣಿಯವನು.

ಈಗ ಏನು ಬರೆಯಬೇಕು? ಹೊಸಬರಿಗೆ ಕೈ ತುರಿಸುತ್ತದೆ. ಜೇಮ್ಸ್ ಎಂದು ಪೂರ್ತಿ ಬರೆದುಬಿಡೋಣ, ಮನೆತನದ ಹೆಸರು ಊಹಿಸಿ ತುಂಬೋಣ ಅನ್ನಿಸುತ್ತದೆ. ಆದರೆ ಈ ಕೆಲಸದ ಮೊದಲ ನಿಯಮವೇ ಬೇರೆ: ಕಂಡದ್ದನ್ನು ಕಂಡ ಹಾಗೆ ಬರೆ. ಜೆ, ಎ, ಎಸ್ ಇದ್ದರೆ ಅಷ್ಟೇ ಬರೆಯಬೇಕು. ಅದು ಜೇಮ್ಸ್ ಎಂದು ಹುಡುಕುವ ಸಾಫ್ಟ್‌ವೇರಿಗೆ ಹೇಳಿಕೊಡಬಹುದು. ಜೆಸ್ಸಿಯನ್ನು ಜೆಸ್ಸಿ ಎಂದೇ ಬರೆಯಬೇಕು, ಯಾಕೆಂದರೆ ಅಲ್ಲಿ ಇರುವುದು ಎಸ್ ಅಕ್ಷರವೇ, ಆಕಾರ ಮಾತ್ರ ಹಳೆಯದು. ಶಾಯಿ ಬಿದ್ದ ಕಡೆ ಒಂದೊಂದು ಅಕ್ಷರಕ್ಕೆ ಒಂದೊಂದು ಅಡಿಗೆರೆ. ಎಷ್ಟು ಅಕ್ಷರ ಅಂತಲೇ ತಿಳಿಯದಿದ್ದರೆ ಒಂದು ನಕ್ಷತ್ರ. ಎರಡರಲ್ಲಿ ಒಂದು ಅಕ್ಷರ ಎಂಬಷ್ಟು ಗೊತ್ತಿದ್ದರೆ ಆ ಎರಡನ್ನೂ ಚೌಕ ಕಂಸದಲ್ಲಿ ಬರೆಯಬೇಕು.

ಊಹೆ ಮಾಡಿ ತುಂಬಿದರೆ ಏನು ನಷ್ಟ? ಅಡಿಗೆರೆ ನೋಡಿದವರಿಗೆ ಇಲ್ಲಿ ಅನುಮಾನ ಇದೆ ಎಂದು ತಿಳಿಯುತ್ತದೆ. ಅವರು ಮೂಲ ಪುಟ ತೆಗೆದು ನೋಡುತ್ತಾರೆ. ಊಹೆಯ ಹೆಸರು ಅಚ್ಚುಕಟ್ಟಾಗಿ ಕೂತುಬಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ. ಅದು ಒಂದು ವಂಶವೃಕ್ಷಕ್ಕೆ ಸೇರುತ್ತದೆ. ಅಲ್ಲಿಂದ ಹತ್ತು ವಂಶವೃಕ್ಷಕ್ಕೆ. ನಿಜವಾದ ಮನೆತನದವರಿಗೆ ತಮ್ಮ ಮಗು ಸಿಗುವುದೇ ಇಲ್ಲ.

ತಾರೀಖಿನದ್ದು ಇನ್ನೊಂದು ಕಷ್ಟ. ಒಂದೇ ಮಗುವಿಗೆ ಏಪ್ರಿಲ್ 1720ರಲ್ಲಿ ದೀಕ್ಷಾಸ್ನಾನ ಆಗಿದೆ, ಫೆಬ್ರವರಿ 1720ರಲ್ಲಿ ಮಣ್ಣು ಮಾಡಿದ್ದಾರೆ ಎಂದು ಪುಸ್ತಕದಲ್ಲಿರಬಹುದು. ಹುಟ್ಟುವ ಮೊದಲೇ ಸತ್ತಿತಾ? ಅಲ್ಲ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೆಚ್ಚು ಕಮ್ಮಿ ನಮ್ಮ ಯುಗಾದಿ ಹೊತ್ತಿಗೆ. ಹಾಗಾಗಿ ಏಪ್ರಿಲ್ 1720 ಮೊದಲು ಬರುತ್ತದೆ, ಹತ್ತು ತಿಂಗಳಾದ ಮೇಲೆ ಫೆಬ್ರವರಿ 1720 ಬರುತ್ತದೆ. ನಮ್ಮ ಲೆಕ್ಕದಲ್ಲಿ ಅದು 1721. ಜನವರಿ 1ಕ್ಕೆ ಹೊಸ ವರ್ಷ ಎಂದು ಅವರು ಬದಲಾಯಿಸಿದ್ದು 1752ರಲ್ಲಿ. ಇಲ್ಲೂ ನಕಲುಗಾರ ತಿದ್ದಕೂಡದು. ಪುಸ್ತಕದಲ್ಲಿರುವ ವರ್ಷವೂ ಇರಬೇಕು, ಇವತ್ತಿನ ಲೆಕ್ಕದ ವರ್ಷವೂ ಕಾಣಬೇಕು. ಅದಕ್ಕೆ 1720/21 ಎಂದು ಬರೆಯುವ ರೂಢಿ.

ಇನ್ನು ಸರ್ಕಾರದ ದಾಖಲೆ. 1837ರಿಂದ ಪ್ರತಿ ಜಿಲ್ಲೆಯ ರಿಜಿಸ್ಟ್ರಾರ್ ಮೂರು ತಿಂಗಳಿಗೊಮ್ಮೆ ಲಂಡನ್ನಿಗೆ ಪ್ರತಿ ಕಳಿಸುತ್ತಿದ್ದ. ಅಲ್ಲಿ ಇಡೀ ದೇಶಕ್ಕೆ ಒಂದು ಸೂಚಿ ಮಾಡುತ್ತಿದ್ದರು. ಹಿಂದೆ ಇದನ್ನು ನೋಡಬೇಕಾದರೆ ಲಂಡನ್ನಿಗೇ ಹೋಗಿ ಭಾರವಾದ ಸಂಪುಟಗಳನ್ನು ಎತ್ತಿ ಇಳಿಸಬೇಕಿತ್ತು. ಹುಟ್ಟಿಗೆ ಕೆಂಪು ರಟ್ಟು, ಮದುವೆಗೆ ಹಸಿರು, ಸಾವಿಗೆ ಕಪ್ಪು. 1998ರಲ್ಲಿ ಫ್ರೀಬಿಎಂಡಿ ಎಂಬ ಕೆಲಸ ಶುರುವಾಯಿತು. ಸ್ವಯಂಸೇವಕರು ತಂಡ ಕಟ್ಟಿಕೊಂಡು ಈ ಸೂಚಿಯನ್ನು ಪುಟಪುಟವಾಗಿ ಟೈಪ್ ಮಾಡಿದರು. ಇವತ್ತು ಅದರಲ್ಲಿ 25 ಕೋಟಿಗೂ ಜಾಸ್ತಿ ದಾಖಲೆಗಳಿವೆ. ಪ್ಯಾರಿಷ್ ಪುಸ್ತಕಗಳಿಗೆ ಫ್ರೀರೆಗ್, ಜನಗಣತಿಗೆ ಫ್ರೀಸೆನ್ ಎಂದು ಅದಕ್ಕೆ ಇಬ್ಬರು ತಂಗಿಯರೂ ಇದ್ದಾರೆ.

ಸೂಚಿಯ ಸಾಲು ಚಿಕ್ಕದು. ಹೆಸರು, ಜಿಲ್ಲೆ, ಸಂಪುಟ, ಪುಟ. ಅಷ್ಟೇ. ಮದುವೆಯ ಸೂಚಿಯಲ್ಲಿ 1912ಕ್ಕಿಂತ ಮುಂಚೆ ಜೊತೆಗಾರರ ಹೆಸರೂ ಇರುವುದಿಲ್ಲ. ಗಂಡಿನ ಹೆಸರು ಒಂದು ಕಡೆ, ಹೆಣ್ಣಿನ ಹೆಸರು ಇನ್ನೊಂದು ಕಡೆ, ಅಕ್ಷರದ ಸಾಲಿನಲ್ಲಿ ದೂರ ದೂರ. ಇಡೀ ಸೂಚಿ ಟೈಪ್ ಆದ ಮೇಲೆ ಒಂದು ಚೆಂದದ ದಾರಿ ತೆರೆಯಿತು. 1852ರ ನಂತರ ಮದುವೆ ರಿಜಿಸ್ಟರಿನ ಒಂದು ಪುಟದಲ್ಲಿ ಸಾಮಾನ್ಯವಾಗಿ ಎರಡೇ ಮದುವೆ, ಅಂದರೆ ನಾಲ್ಕು ಹೆಸರು. ಪುಟದ ಸಂಖ್ಯೆ ಒತ್ತಿದರೆ ಆ ಪುಟದಲ್ಲಿರುವವರೆಲ್ಲ ಒಟ್ಟಿಗೆ ಕಾಣುತ್ತಾರೆ. ಎರಡು ಗಂಡು, ಎರಡು ಹೆಣ್ಣು. ನಿಮ್ಮ ಮುತ್ತಜ್ಜ ಮದುವೆಯಾದದ್ದು ಆ ಇಬ್ಬರಲ್ಲಿ ಒಬ್ಬಳನ್ನು. ಅಚ್ಚಾದ ಸಂಪುಟದಲ್ಲಿ ಇದನ್ನು ಹುಡುಕುವುದು ಆಗದ ಮಾತಾಗಿತ್ತು. ಸಾವಿರಾರು ಜನ ಒಂದೊಂದು ಸಾಲು ಟೈಪ್ ಮಾಡಿದ್ದಕ್ಕೆ ಅದು ಸಾಧ್ಯವಾಯಿತು.

ತಪ್ಪು ಆಗುವುದಿಲ್ಲವಾ? ಆಗುತ್ತದೆ. ಅದನ್ನು ಹಿಡಿಯಲು ಜಾಣ ದಾರಿಗಳಿವೆ. ಕಾರ್ನ್‌ವಾಲ್‌ನ ರೆಡ್ರುತ್ ಜಿಲ್ಲೆ 1852ರ ನಂತರ 5ಸಿ ಸಂಪುಟದಲ್ಲಿ ಬರುತ್ತದೆ. ಕಣ್ಣು ತಪ್ಪಿ 5ಇ ಎಂದು ಹೊಡೆದರೆ ಜಿಲ್ಲೆಗೂ ಸಂಪುಟಕ್ಕೂ ತಾಳೆ ಬೀಳುವುದಿಲ್ಲ, ಅಲ್ಲೇ ಗೊತ್ತಾಗುತ್ತದೆ. ಸೂಚಿ ಅಕ್ಷರದ ಸಾಲಿನಲ್ಲೇ ಇರುವುದರಿಂದ ನಡುವೆ ಒಂದು ಹೆಸರು ಎಡವಿದರೂ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ಗಟ್ಟಿಯಾದ ದಾರಿ, ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ಕೂತು ಟೈಪ್ ಮಾಡುವುದು. ಇಬ್ಬರದೂ ಹೊಂದಿದರೆ ಸರಿ. ಹೊಂದದಿದ್ದರೆ ಮತ್ತೆ ಮೂಲ ನೋಡಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಟೈಪ್ ಮಾಡಿದವರ ತಪ್ಪು ಬೇರೆ, ಮೂಲದಲ್ಲೇ ಇರುವ ತಪ್ಪು ಬೇರೆ. ಟೈಪಿನ ತಪ್ಪು ತೋರಿಸಿದರೆ ತಿದ್ದುತ್ತಾರೆ. ಆದರೆ 1870ರ ಗುಮಾಸ್ತನೇ ನಿಮ್ಮ ಮುತ್ತಜ್ಜಿಯ ಹೆಸರು ತಪ್ಪು ಬರೆದಿದ್ದರೆ? ಆ ತಪ್ಪು ಹಾಗೇ ಉಳಿಯುತ್ತದೆ. ಪಕ್ಕದಲ್ಲಿ ನೀವು ಒಂದು ಚೀಟಿ ಅಂಟಿಸಬಹುದು: ಇವರ ನಿಜವಾದ ಹೆಸರು ಇದು, ನನಗೆ ಹೀಗೆ ಗೊತ್ತು ಎಂದು. ನಮ್ಮಲ್ಲಿ ಎಷ್ಟೋ ಹಿರಿಯರ ಹುಟ್ಟಿದ ದಿನ ಜೂನ್ 1 ಎಂದೇ ಶಾಲೆಯ ದಾಖಲೆಯಲ್ಲಿದೆ. ಮೇಷ್ಟ್ರು ಸೇರಿಸಿಕೊಳ್ಳುವಾಗ ಬರೆದದ್ದು. ಅದು ನಿಜವಾದ ಹುಟ್ಟುಹಬ್ಬ ಅಲ್ಲ, ಆದರೆ ದಾಖಲೆ ಹಾಗೆ ಹೇಳುತ್ತದೆ ಅನ್ನುವುದು ನಿಜ. 1841ರ ಇಂಗ್ಲೆಂಡಿನ ಜನಗಣತಿಯಲ್ಲೂ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಎಂದು ಹೇಳಿದ್ದರು. 39ರವರು 35 ಆದರು. ಇದು ಗೊತ್ತಿದ್ದರೆ ದಾಖಲೆ ಓದುವ ಬಗೆಯೇ ಬದಲಾಗುತ್ತದೆ.

ಈಗ ಕಂಪ್ಯೂಟರೇ ಕೈಬರಹ ಓದುತ್ತದಲ್ಲ ಎಂದು ಕೇಳಬಹುದು. ಹೌದು. ಅಮೆರಿಕದ 1950ರ ಜನಗಣತಿ 72 ವರ್ಷ ಗುಟ್ಟಾಗಿದ್ದು 2022ರ ಏಪ್ರಿಲ್ 1ಕ್ಕೆ ಹೊರಬಂತು. ಅದರ ಹೆಸರುಗಳನ್ನು ಮೊದಲು ಓದಿದ್ದು ಯಂತ್ರ, ಆಮೇಲೆ ಪರಿಶೀಲಿಸಿದ್ದು ಸ್ವಯಂಸೇವಕರು. ಹತ್ತು ವರ್ಷ ಮುಂಚೆ 1940ರ ಜನಗಣತಿ ಬಂದಾಗ 13 ಕೋಟಿ ಹೆಸರುಗಳನ್ನು ಜನರೇ ಕೆಲವೇ ತಿಂಗಳಲ್ಲಿ ಟೈಪ್ ಮಾಡಿ ಮುಗಿಸಿದ್ದರು. ಯಂತ್ರದ ವೇಗ ದೊಡ್ಡದೇ. ಆದರೂ ಟ್ರೆ ಎಂದು ಶುರುವಾಗುವ ಹಟ್ಟಿ ಗುಡ್ಡದ ಆ ಕಡೆ ಇದೆಯೋ ಈ ಕಡೆ ಇದೆಯೋ ಎಂದು ತಿಳಿದವರು ಕಣ್ಣಾಡಿಸದೆ ಇದ್ದರೆ ಕೆಲಸ ಪೂರ್ತಿ ಆಗುವುದಿಲ್ಲ ಎಂದೇ ನನ್ನ ನಂಬಿಕೆ.

ಕೋಲಾರಕ್ಕೆ ಬರೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿತು. ನೆಲದಡಿಯ ಕೆಲಸ ಗೊತ್ತಿದ್ದ ಕಾರ್ನ್‌ವಾಲ್‌ನವರು ಗಣಿ ಮೇಲ್ವಿಚಾರಕರಾದ ಕ್ಯಾಪ್ಟನ್‌ಗಳಾಗಿ, ಮೇಸ್ತ್ರಿಗಳಾಗಿ ಬಂದರು. ಇಲ್ಲಿ ಮದುವೆಯಾದರು, ಮಕ್ಕಳಾದವು, ಕೆಲವರು ಇಲ್ಲೇ ಮಣ್ಣಾದರು. ಅವರ ದೀಕ್ಷಾಸ್ನಾನ, ಮದುವೆ, ಸಾವು ಕೂಡ ಇಲ್ಲಿನ ಚರ್ಚಿನ ಪುಸ್ತಕಗಳಲ್ಲಿ ದಾಖಲಾದವು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಪಾದ್ರಿಗಳು ಬರೆದದ್ದರ ಪ್ರತಿ ಪ್ರೆಸಿಡೆನ್ಸಿಯ ರಾಜಧಾನಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು ದಂಡು, ಬಳ್ಳಾರಿ ಕಡೆಯವು ಮದ್ರಾಸಿನ ಸಾಲಿನಲ್ಲಿ. ಧಾರವಾಡ, ಬೆಳಗಾವಿಯವು ಬೊಂಬಾಯಿ ಸಾಲಿನಲ್ಲಿ. ಕನ್ನಡ ನಾಡು ಹರಿದು ಹಂಚಿಹೋಗಿದ್ದದ್ದು ಈ ಕಪಾಟಿನಲ್ಲೂ ಕಾಣುತ್ತದೆ. 1998ರಲ್ಲಿ ಶುರುವಾದ ಫಿಬಿಸ್ ಎಂಬ ಸಂಘದ ಸ್ವಯಂಸೇವಕರು ಇವುಗಳಲ್ಲಿ ಹಲವನ್ನು ಟೈಪ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹಾಗಾಗಿ ಕಾರ್ನ್‌ವಾಲ್‌ನ ಕ್ಯಾಂಬೋರ್ನ್‌ನ ಚರ್ಚಿನಲ್ಲಿ ಹೆಸರಿಟ್ಟ ಹುಡುಗ ಕೆಜಿಎಫ್‌ನಲ್ಲಿ ಗಣಿ ಕ್ಯಾಪ್ಟನ್ ಆಗಿದ್ದರೆ, ಅವನ ಬದುಕಿನ ಎರಡು ತುದಿಯನ್ನೂ ಬೇರೆ ಬೇರೆ ದೇಶದ ಇಬ್ಬರು ನಕಲುಗಾರರು ಜೋಡಿಸಿಕೊಡಬಲ್ಲರು.

ಆದರೆ ಅದೇ ಗಣಿಗೆ ಅವನ ಜೊತೆ ಇಳಿದ ತಮಿಳು, ತೆಲುಗು, ಕನ್ನಡದ ಕೆಲಸಗಾರರು? ಕ್ರೈಸ್ತರಾಗಿದ್ದವರ ಹೆಸರು ಚರ್ಚಿನ ಪುಸ್ತಕದಲ್ಲಿ ಸಿಕ್ಕೀತು. ಉಳಿದವರಿಗೆ ಆ ದಾರಿಯೂ ಇಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ. ನಮ್ಮಲ್ಲಿ ದಾಖಲೆ ಇಲ್ಲ ಎಂದಲ್ಲ. ಹೆಳವರ ಪುಸ್ತಕಗಳಿವೆ. ಹಳೇ ಶಾಲೆಗಳ ದಾಖಲಾತಿ ಪುಸ್ತಕಗಳಿವೆ. ಉತ್ತರ ಕರ್ನಾಟಕದ ಮನೆಗಳಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳಿವೆ. ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇವನ್ನು ಹಂಚುವಾಗ ನಾವು ಇನ್ನೂ ಹುಷಾರಾಗಿರಬೇಕು. ಬದುಕಿರುವವರ ವಿವರ ಹಾಕಬಾರದು. ಜಾತಿಯ ಹೆಸರಿನಿಂದ ಯಾರಿಗೂ ನೋವಾಗಬಾರದು. ಹೆಳವರ ಪುಸ್ತಕ ಅವರ ಅನ್ನದ ದಾರಿ, ಅವರನ್ನು ಕೇಳದೆ ಫೋಟೊ ತೆಗೆಯಬಾರದು.

ಮನೆಯ ಟ್ರಂಕಿನಿಂದ ಶುರು ಮಾಡಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ನಾನು ಹೋದ ಬೇಸಿಗೆಯಲ್ಲಿ ಅಜ್ಜನ ಲೆಕ್ಕದ ಪುಸ್ತಕ ತೆಗೆದೆ. ಕಡ್ಲೆಕಾಯಿ ಮಾರಿದ ಲೆಕ್ಕದ ಹಿಂದೆ, ಕೊನೆಯ ಹಾಳೆಯಲ್ಲಿ ಮನೆಯ ಹುಟ್ಟು ಸಾವು ಬರೆದಿದ್ದಾರೆ. ವರ್ಷ ಇಲ್ಲ, ಸಂವತ್ಸರ ಮಾತ್ರ. ಯುವ ಸಂವತ್ಸರ, ಶ್ರಾವಣ ಶುದ್ಧ ಪಂಚಮಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಅಜ್ಜನ ಕಾಲ ನೋಡಿದರೆ ಅದು 1935 ಇರಬೇಕು. ನಾನು ಯುವ ಸಂವತ್ಸರ ಎಂದೇ ಟೈಪ್ ಮಾಡಿ, 1935 ಎಂಬುದನ್ನು ಪಕ್ಕದಲ್ಲಿ ಬೇರೆಯಾಗಿ ಬರೆದೆ. ಆ ದಿನ ಹುಟ್ಟಿದ್ದು ಒಂದು ಹೆಣ್ಣುಮಗು, ಅಜ್ಜನ ಕೊನೆಯ ತಂಗಿ. ಹೆಳವರ ಸಾಲಿನಲ್ಲಿ ಆಕೆಯನ್ನು ನಾನು ಯಾವತ್ತೂ ಕೇಳಿಲ್ಲ. ಹೆಸರಿನ ಮೊದಲ ಅಕ್ಷರ ಗೌ, ಕೊನೆಯದು ಮ್ಮ. ನಡುವೆ ಹುಳ ತಿಂದಿದೆ. ಗೌರಮ್ಮ ಇರಬಹುದು ಎಂದು ಅಪ್ಪ ಅಂದರು. ನಾನು ಗೌ, ಒಂದು ಅಡಿಗೆರೆ, ಮ್ಮ ಎಂದು ಹೊಡೆದು, ಅಪ್ಪ ಹೇಳಿದ್ದನ್ನು ಕೆಳಗೆ ಟಿಪ್ಪಣಿ ಹಾಕಿದ್ದೇನೆ.